ಎಂಟನೆಯ ಡಬ್ಬಿ

ವೆರ್ನಾ ಹ್ರುಸ್ಕಾಳ ಕೈ ಹೋಯಿತು, ಇನ್ನು ಕೆಲಸಕ್ಕಾಗದು ಎಂಬ ಮಾತು ಹುಟ್ಟಿದ್ದು ನನ್ನ ಕ್ಷೌರದ ಅಂಗಡಿಯಲ್ಲಿ. ಹುಟ್ಟಿಸಿದವನು ನಾನೇ. "ಕಾಫಿ ಲೋಟ ಹಿಡಿದ್ರೆ ಅವಳ ಕೈ ನಡುಗ್ತದೆ, ನೋಡಿದ್ಯಾ? ಅವಳು ಕಟ್ಟಿದ ಇಂಜಿನ್ ಹೇಗಪ್ಪಾ ಉಳಿದೀತು?" ಎಂದು ಗೆಳೆಯ ಲೈಲ್‌ನ ತಲೆ ಬೋಳಿಸುತ್ತ ಬೆಳಗ್ಗೆ ಅಂದದ್ದು, ಸಂಜೆಯೊಳಗೆ ಊರು ಸುತ್ತಿ ಅವಳ ಕಿವಿಗೇ ಬಿತ್ತು. ಓಹಾಯೋದ ನಮ್ಮ ಊರು ಅಷ್ಟು ಚಿಕ್ಕದು, ನನ್ನ ನಾಲಗೆ ಅಷ್ಟು ಉದ್ದ.

ವೆರ್ನಾ ಸ್ಕೂಲ್ ಬಸ್ಸುಗಳ ಗ್ಯಾರೇಜಿನಲ್ಲಿ ಮೂವತ್ತೊಂದು ವರ್ಷದಿಂದ ಮೆಕ್ಯಾನಿಕ್. ಮೊಣಕಾಲುದ್ದ ಹಿಮ ಬಿದ್ದ ದಿನವೂ ಅವಳು ನೋಡಿದ ಬಸ್ಸು ಮಕ್ಕಳನ್ನು ಕೂರಿಸಿಕೊಂಡು ದಾರಿಯಲ್ಲಿ ನಿಂತದ್ದಿಲ್ಲ. ಆ ಗ್ಯಾರೇಜಿನಲ್ಲಿ ಒಂದು ಕಟ್ಟುನಿಟ್ಟು. ಬಸ್ಸಿಗೆ ಕೈ ಹಚ್ಚಿದವರು ಏನು ಮಾಡಿದೆವೆಂದು ಒಂದು ಚೀಟಿಯಲ್ಲಿ ಬರೆದು, ಹೆಸರು ಹಾಕಿ, ಸ್ಟೀರಿಂಗಿಗೆ ತೂಗುಹಾಕಬೇಕು. ಬಲ್ಬು ಬದಲಿಸಿದರೂ ಸರಿಯೇ. ಮಾತು ಕಡಮೆ, ಬೈಗುಳ ಧಾರಾಳ, ಅರವತ್ತೆರಡರ ವಯಸ್ಸು. ಇಂಥವಳು ನಮ್ಮ ಮೂವರು ಪೆದ್ದರ ಜೊತೆ ಹೇಗೆ ಸೇರಿಕೊಂಡಳೋ ದೇವರೇ ಬಲ್ಲ.

ನಾವು ಅಂದರೆ ಕಾರ್ಪೆಟ್ ಅಂಗಡಿಯ ಲೈಲ್, ಟಪಾಲು ಹಂಚುವ ಡ್ವೇನ್, ಮತ್ತೆ ನಾನು, ವೆಂಡೆಲ್. ಗುಜರಿಗೆ ಹೋಗಬೇಕಿದ್ದ ಒಂದು ಕಾರು ನಮ್ಮದು. ನಾವು ಹೋಗುತ್ತಿದ್ದದ್ದು ಇಂಥ ಐನೂರು ಡಾಲರಿನ ಕಾರುಗಳಿಗೆಂದೇ ಇರುವ ರೇಸಿಗೆ. ಎರಡು ದಿನ ಸೇರಿ ಹದಿನಾಲ್ಕು ಗಂಟೆ ಸರದಿಯ ಮೇಲೆ ಓಡಿಸಬೇಕು. ಗೆಲ್ಲುವುದು ದೂರದ ಮಾತು, ಕೊನೆಯ ಬಾವುಟದ ತನಕ ಉರುಳಿಕೊಂಡು ಬಂದರೆ ಸಾಕು, ಅದೇ ಮರ್ಯಾದೆ. ವೆರ್ನಾ ಮಾಡುವ ಆಲೂಗಡ್ಡೆಯ ಪಿರೋಗಿಗೆ ನಾವೆಲ್ಲ ಜೀವ ಬಿಡುತ್ತೇವಾದ್ದರಿಂದ ಕಾರಿಗೆ ಬೆಣ್ಣೆಯ ಬಣ್ಣ ಬಳಿದು, ತಲೆಯ ಮೇಲೆ ಆಳುದ್ದದ ಫೈಬರಿನ ಪಿರೋಗಿಯೊಂದನ್ನು ಕೂರಿಸಿದ್ದೆವು. ಅದೂ ಕಡುಬೇ ತಾನೇ, ಕಾರಿಗೂ ಕಡುಬು ಎಂದೇ ಹೆಸರಾಯಿತು.

ಎರಡು ವರ್ಷದಲ್ಲಿ ಕಡುಬು ಎರಡು ಇಂಜಿನ್ ತಿಂದಿತ್ತು. ಎರಡನ್ನೂ ಕಟ್ಟಿದವಳು ವೆರ್ನಾ. ಎರಡೂ ಒಡೆದದ್ದು ಟ್ರ್ಯಾಕಿನ ಅದೇ ಉದ್ದನೆಯ ಎಡ ತಿರುವಿನಲ್ಲಿ. ಹೊಟ್ಟೆ ಸೀಳಿಕೊಂಡು ಎಣ್ಣೆಯೆಲ್ಲ ರಸ್ತೆಯ ಪಾಲಾಗಿತ್ತು. ಆಮೇಲೆಯೇ ನಾನು ಆ ಮಾತು ಆಡಿದ್ದು.

ಮೂರನೆಯ ಇಂಜಿನನ್ನು ಅವಳು ಚಳಿಗಾಲವಿಡೀ ಕೂತು ಕಟ್ಟಿದಳು. ಏಪ್ರಿಲ್‌ನ ಶುಕ್ರವಾರ, ರೇಸಿನ ಹಿಂದಿನ ದಿನ, ಪರೀಕ್ಷೆಗೆಂದು ಟ್ರ್ಯಾಕು ತೆರೆದಿತ್ತು. ತಂಡದ ಯಜಮಾನ ಲೈಲ್ ಬೆಳಗ್ಗೆಯೇ ಹೇಳಿಬಿಟ್ಟ: "ನೋಡು ವೆರ್ನಾ, ಇವತ್ತು ಸಂಜೆ ಐದರ ತನಕ ಓಡಿದ್ರೆ ಸರಿ. ಇಲ್ಲಾಂದ್ರೆ ಇನ್ಮೇಲೆ ಇಂಜಿನ್ ಹೊರಗಿಂದ ತರಿಸೋಣ. ಬೇಜಾರ್ ಮಾಡ್ಕೋಬೇಡ."

"ನಂಗ್ಯಾಕೋ ಬೇಜಾರು?" ಎಂದಳು ಅವಳು. ಆದರೆ ಟ್ರ್ಯಾಕಿನ ಕಚೇರಿಯ ಹಲಗೆಯ ಮೇಲೆ ಅವಳದೇ ಅಕ್ಷರದ ಒಂದು ಕಾಗದ ಆಗಲೇ ಕಾಣಿಸಿತ್ತು. ಕೆಂಪು ಬಣ್ಣದ ಉಪಕರಣದ ಪೆಟ್ಟಿಗೆ, ಹನ್ನೆರಡು ಡ್ರಾಯರು, ಮಾರಾಟಕ್ಕಿದೆ. ಆ ಪೆಟ್ಟಿಗೆ ಬಿಟ್ಟು ವೆರ್ನಾಳನ್ನು ನಾನು ಕಂಡವನೇ ಅಲ್ಲ. ನನ್ನ ಮಾತನ್ನು ಅವಳು ನಂಬಿಬಿಟ್ಟಿದ್ದಳು.

ಪಕ್ಕದ ತಂಡದ ಹಲ್ಲಿನ ಡಾಕ್ಟರು, ಕಿಂಬಲ್ ಅಂತ, ಕಾಗದ ನೋಡಿಕೊಂಡು ಬಂದರು. ಡ್ರಾಯರು ಎಳೆದೆಳೆದು ನೋಡಿ, "ಇವತ್ತೇ ಒಯ್ಯಬಹುದಾ?" ಎಂದರು.

"ಐದು ಗಂಟೆಗೆ ಬನ್ನಿ. ಅಷ್ಟರಲ್ಲಿ ಗೊತ್ತಾಗ್ತದೆ," ಎಂದಳು ವೆರ್ನಾ, ಅವರ ಮುಖ ನೋಡದೆ.

ಹತ್ತಕ್ಕೆ ಡ್ವೇನ್ ಕಾರು ಹತ್ತಿದ. "ಲೋ, ಎಣ್ಣೆಯ ಕೆಂಪು ದೀಪ ಹತ್ತಿದ ಕ್ಷಣ ಇಂಜಿನ್ ಆರಿಸ್ಬೇಕು. ಯೋಚ್ನೆ ಗೀಚ್ನೆ ಮಾಡಕ್ಕೆ ಹೋಗ್ಬೇಡ, ಅದು ನಿನ್ ಕೈಲಾಗದ ಕೆಲ್ಸ," ಎಂದು ವೆರ್ನಾ ಅವನ ಹೆಲ್ಮೆಟ್ಟಿಗೆ ಕುಟ್ಟಿ ಕಳಿಸಿದಳು. ಹನ್ನೊಂದು ಸುತ್ತು ಕಡುಬು ಸೊಗಸಾಗಿ ಓಡಿತು. ಹನ್ನೆರಡನೆಯ ಸುತ್ತಿನಲ್ಲಿ ಬರಲಿಲ್ಲ. ಎಳೆದು ತರುವ ಲಾರಿಯ ಹಿಂದೆ ಬಂತು.

"ಅದೇ ತಿರುವು. ದೀಪ ಹತ್ತಿತು, ಆರಿಸ್ದೆ," ಎಂದ ಡ್ವೇನ್. ಜೀವಮಾನದಲ್ಲಿ ಮೊದಲ ಸಲ ಹೇಳಿದ ಮಾತು ಕೇಳಿದ್ದ. ಲೈಲ್ ಹೊರಗಿನ ಇಂಜಿನ್ ವಿಚಾರಿಸಲೆಂದು ಫೋನು ತೆಗೆದು ಆಚೆ ನಡೆದ. ವೆರ್ನಾ ತನ್ನ ಎರಡು ಅಂಗೈಗಳನ್ನೂ ತಿರುಗಿಸಿ ನೋಡಿಕೊಂಡಳು. ನಾನು ತಲೆ ಬೇರೆ ಕಡೆ ತಿರುಗಿಸಿದೆ.

ಆಮೇಲೆ ಅವಳು ಇಂಜಿನ್ನಿನಿಂದ ಎಣ್ಣೆಯ ಮಟ್ಟ ನೋಡುವ ಕಡ್ಡಿ ಎಳೆದಳು. ನೋಡಿದಳು. ಒರೆಸಿ ಅದ್ದಿ, ಮತ್ತೆ ಎಳೆದು ನೋಡಿದಳು. ಎಣ್ಣೆ ಗೆರೆ ದಾಟಿ ನಾಲ್ಕು ಬೆರಳು ಮೇಲಿತ್ತು, ಹಾಲು ಉಕ್ಕಿದ ಹಾಗೆ ನೊರೆನೊರೆ.

"ಲೈಲ್! ಆ ಫೋನ್ ಇಡು. ಮೂರೂ ಜನ ಇಲ್ಲಿ ಬನ್ನಿ."

ಕಾರಿನಡಿ ಬಾಣಲೆ ಇಟ್ಟು ಎಣ್ಣೆ ಇಳಿಸಿದಳು. ಖಾಲಿ ಡಬ್ಬಿಗಳನ್ನು ಸಾಲಾಗಿ ನಿಲ್ಲಿಸಿ ಒಂದೊಂದಕ್ಕೇ ಸುರಿಯತೊಡಗಿದಳು. ಆ ಇಂಜಿನಿಗೆ ಬೇಕಾದದ್ದು ಐದು ಡಬ್ಬಿ. ನಿನ್ನೆ ಸಂಜೆ ಅವಳೇ ಅಳೆದು ಹಾಕಿದ್ದಳು, ಇವತ್ತು ಬೆಳಗ್ಗೆ ಕಡ್ಡಿಯನ್ನೂ ನೋಡಿದ್ದಳು. ಐದು ತುಂಬಿತು. ಆರು ತುಂಬಿತು. ಏಳು. ಎಂಟನೆಯದು ಕುತ್ತಿಗೆ ತನಕ ಬಂದು ನಿಂತಿತು.

"ಏನ್ರೋ ಇದು? ಕಡುಬು ಮರಿ ಹಾಕ್ತಾ?"

ಡ್ವೇನ್ ಬೂಟಿನಿಂದ ನೆಲ ಕೆರೆದ. "ಅದು... ತಿರುವಿನಲ್ಲಿ ಎಣ್ಣೆ ಒಂದ್ಕಡೆ ಸರೀತದಲ್ಲಾ, ಪಂಪಿಗೆ ಸಿಗಲ್ಲ ಅಂತ... ಒಂದ್ ಡಬ್ಬಿ ಜಾಸ್ತಿ ಇರ್ಲಿ ಅಂತ ನಾನೇ ಹಾಕ್ದೆ. ನೀನು ಕಾಫಿಗೆ ಹೋದಾಗ. ಎಲ್ಲಾ ರೇಸಲ್ಲೂ ಹಾಕ್ತೀನಿ."

"ನೀನೂನಾ?" ಎಂದು ಲೈಲ್ ಬಾಯಿ ತಪ್ಪಿ ಅಂದುಬಿಟ್ಟ. ಅಂದ ಮೇಲೆ ಕಿವಿಯ ತುದಿ ತನಕ ಕೆಂಪಾದ.

ವೆರ್ನಾ ಏಳನೆಯ ಡಬ್ಬಿಯನ್ನು ಅವನ ಕಡೆ ನೂಕಿದಳು. ಎಂಟನೆಯದನ್ನು ಎತ್ತಿಕೊಂಡು ನನ್ನನ್ನೇ ನೋಡುತ್ತ ನಿಂತಳು. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಹವ್ಯಾಸಿ ರೇಸಿನವರಿಗೆಲ್ಲ ಇರುವ ಚಟ ಇದು, ತಿರುವಿಗೆಂದು ಒಂದಿಷ್ಟು ಹೆಚ್ಚು ಎಣ್ಣೆ. ಒಂದಿಷ್ಟಾದರೆ ಇಂಜಿನ್ ತಾಳುತ್ತದೆ. ಮೂವರೂ ಒಬ್ಬರಿಗೊಬ್ಬರು ಗೊತ್ತಿಲ್ಲದಂತೆ, ಅವಳ ಕಣ್ಣು ತಪ್ಪಿಸಿ, ಎರಡು ವರ್ಷ ಒಂದೊಂದು ಡಬ್ಬಿ ಸುರಿದಿದ್ದೆವು. ಹೆಚ್ಚಾದ ಎಣ್ಣೆ ಕಡೆದು ನೊರೆಯಾಗಿ, ಪಂಪು ಎಣ್ಣೆಯ ಬದಲು ಗಾಳಿ ಕುಡಿದು, ಎರಡು ಒಳ್ಳೆಯ ಇಂಜಿನ್‌ಗಳು ಸತ್ತಿದ್ದವು. ಒಡೆದಾಗಲೆಲ್ಲ ಎಣ್ಣೆ ಚೆಲ್ಲಿಹೋಗುತ್ತಿದ್ದುದರಿಂದ ಅಳೆದು ನೋಡಲು ಏನೂ ಉಳಿಯುತ್ತಿರಲಿಲ್ಲ. ಕೊಂದವರು ನಾವು, ಕೈ ಹೋಯಿತು ಅನ್ನಿಸಿಕೊಂಡವಳು ಅವಳು.

"ಎಂಟನೇದು ನಂದು ವೆರ್ನಾ," ಎಂದೆ. "ಆ ಮಾತೂ ನಂದೇ. ನಾಲಗೆ ಸೀದುಹೋಗ್ಲಿ ನಂದು."

ಅವಳು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಜೇಬಿನಿಂದ ಗ್ಯಾರೇಜಿನ ಚೀಟಿಯೊಂದನ್ನು ತೆಗೆದು ಮುಂದಿಟ್ಟಳು. "ಬರೀರಿ. ಎಷ್ಟು ಹಾಕಿದ್ರಿ, ಹೆಸರು. ಅಕ್ಷರ ನೆಟ್ಟಗಿರ್ಲಿ." ಮೂವರು ಗಂಡಸರು ಬಾನೆಟ್ಟಿನ ಮೇಲೆ ಬಗ್ಗಿ ಬರೆದೆವು. ಒಂದು ಡಬ್ಬಿ, ಡ್ವೇನ್. ಒಂದು ಡಬ್ಬಿ, ಲೈಲ್. ಒಂದು ಡಬ್ಬಿ, ವೆಂಡೆಲ್.

ಹೊಸ ಎಣ್ಣೆ ಐದೇ ಡಬ್ಬಿ ಹಾಕಿ, ಮುಚ್ಚಳ ಬಿಗಿದು, ಇಂಜಿನ್ ಚಾಲೂ ಮಾಡಿ, ಅವಳು ಕಣ್ಣು ಮುಚ್ಚಿ ಕಿವಿಗೊಟ್ಟು ನಿಂತಳು. ಲೈಲ್ ತಾನು ಓಡಿಸುತ್ತೇನೆಂದು ಹೆಲ್ಮೆಟ್ಟಿಗೆ ಕೈಹಾಕಿದ.

"ಇಡೋ ಕೆಳಗೆ. ಕದ್ದು ಎಣ್ಣೆ ಸುರಿದೋರು ಯಾರೂ ಇವತ್ತು ಕೂರೋ ಹಾಗಿಲ್ಲ," ಎಂದು ಅವಳೇ ಹತ್ತಿ ಕೂತಳು.

ಈ ಕಾರನ್ನು ವೆರ್ನಾ ಟ್ರ್ಯಾಕಿನಲ್ಲಿ ಒಮ್ಮೆಯೂ ಓಡಿಸಿದವಳಲ್ಲ. ಮೊದಲ ಸುತ್ತಿನಲ್ಲಿ ಉದ್ದನೆಯ ಎಡ ತಿರುವಿಗೆ ಅವಳು ಇಳಿದಾಗ ನಾವು ಮೂವರೂ ಬೇಲಿ ಹಿಡಿದು ನಿಂತಿದ್ದೆವು. ಕಡುಬು ತಲೆಯ ಮೇಲಿನ ಕಡುಬನ್ನು ವಾಲಿಸಿಕೊಂಡು ತಿರುವು ದಾಟಿತು. ಎರಡನೆಯ ಸಲ ಇನ್ನೂ ಜೋರಾಗಿ ದಾಟಿತು. ಎಣ್ಣೆ ತುಂಬಿಸಲೆಂದಲ್ಲ, ಪೆಟ್ರೋಲಿಗೆಂದು ಎರಡು ಸಲ ಒಳಗೆ ಬಂದಳು. ಇಳಿಯಲಿಲ್ಲ, ಕಿಟಕಿಯಿಂದಲೇ ಒಂದು ತಣ್ಣನೆಯ ಪಿರೋಗಿ ಬಾಯಿಗೆ ಹಾಕಿಕೊಂಡು ಹೊರಟಳು. ನಾಲ್ಕೂವರೆಗೆ ಹಲ್ಲಿನ ಡಾಕ್ಟರ ನುಣ್ಣನೆಯ ನೀಲಿ ಕಾರನ್ನು ಅದೇ ತಿರುವಿನ ಹೊರಬದಿಯಿಂದ ಹಿಂದೆ ಹಾಕಿದಳು. ಡ್ವೇನ್ ಬೇಲಿ ಹತ್ತಿ ಕೂಗಿದ ಕೂಗಿಗೆ ಅವನ ಸ್ವರ ಮೂರು ದಿನ ಬರಲಿಲ್ಲ.

ಐದಕ್ಕೆ ಬಾವುಟ ಬಿತ್ತು. ಇಳಿದು ಬಂದವಳೇ ಕಡ್ಡಿ ಎಳೆದು ಲೈಲ್‌ನ ಮೂಗಿನ ಮುಂದೆ ಹಿಡಿದಳು. ಎಣ್ಣೆ ಗೆರೆಯ ಮೇಲೆ ಸರಿಯಾಗಿ ನಿಂತಿತ್ತು. ಲೈಲ್ ಅವಳನ್ನು ಎತ್ತಿಕೊಂಡೇಬಿಟ್ಟ. "ಇಳಿಸೋ ಗೂಬೆ, ಬೆನ್ನು ನೋಯ್ತದೆ," ಎಂದು ಅವಳು ಬೈದದ್ದು ನಮ್ಮ ಕಿವಿಗೆ ಹಿತವಾಗಿತ್ತು. ನಾನು ಕಾಫಿ ತಂದುಕೊಟ್ಟೆ. ಲೋಟ ಹಿಡಿದ ಕೈ ಎಂದಿನಂತೆಯೇ ನಡುಗಿ ನನ್ನ ಬೂಟಿನ ಮೇಲೆ ಕಾಫಿ ಚೆಲ್ಲಿತು. ಚೆಲ್ಲಲಿ ಎಂದುಕೊಂಡೆ.

ಅಷ್ಟರಲ್ಲಿ ಕಿಂಬಲ್ ಡಾಕ್ಟರು ಹೆಲ್ಮೆಟ್ಟು ಕಂಕುಳಲ್ಲಿ ಇಟ್ಟುಕೊಂಡು ಬಂದರು. "ಐದು ಗಂಟೆಗೆ ಬನ್ನಿ ಅಂದಿದ್ರಲ್ಲ, ಪೆಟ್ಟಿಗೆಗೆ."

ವೆರ್ನಾ ಆ ಕೆಂಪು ಪೆಟ್ಟಿಗೆಯ ಮೇಲೆಯೇ ಕೂತಳು. "ಯಾರ್ರೀ ಡಾಕ್ಟ್ರೇ ಕೆಲಸದ ಪೆಟ್ಟಿಗೆ ಮಾರ್ತಾರೆ?"

ನಾನು ಕಚೇರಿಗೆ ಓಡಿಹೋಗಿ ಆ ಕಾಗದ ಹರಿದು ತಂದೆ. ಭಾನುವಾರ ಸಂಜೆ ಕಡುಬು ಹದಿನಾಲ್ಕು ಗಂಟೆ ಮುಗಿಸಿ ನಲವತ್ತೊಂದನೆಯದಾಗಿ ಬಾವುಟ ಕಂಡಿತು. ಸೋಮವಾರ ಬೆಳಗ್ಗೆ ಅಂಗಡಿ ತೆಗೆದು, ಮೂರು ಹೆಸರಿನ ಆ ಚೀಟಿಯನ್ನು ಕನ್ನಡಿಗೆ ಅಂಟಿಸಿ, ಮೊದಲ ಗಿರಾಕಿಯ ಕೊರಳಿಗೆ ಬಟ್ಟೆ ಕಟ್ಟಿದವನೇ ಶುರುಮಾಡಿದೆ: "ವೆರ್ನಾಳ ಕೈ ವಿಷಯ ನಾನೊಂದು ಮಾತು ಅಂದಿದ್ದೆನಲ್ಲ, ಅದು ಶುದ್ಧ ಸುಳ್ಳು ಕಣಯ್ಯ."