ಮನೆ ಮಗಳ ಪಗಾರ

ಕೆರೂರಿನಿಂದ ಬಂದ ಸುವರ್ಣಾ ಬೆಂಗಳೂರಿನ ನಾಯಂಡಹಳ್ಳಿಯ ಟೈಲ್ಸ್ ಗೋದಾಮಿನಲ್ಲಿ ಬಿಲ್ಲು, ಸ್ಟಾಕು ಎರಡನ್ನೂ ನೋಡಿಕೊಳ್ಳತೊಡಗಿ ನಾಲ್ಕು ವರ್ಷವಾಗಿತ್ತು. ಸಂಬಳ ಹದಿನಾರು ಸಾವಿರ. ಅದು ಕಡಿಮೆಯೋ ಹೆಚ್ಚೋ ಹೇಳಬಲ್ಲವರು, ಅವಳಿಂದಲೇ ಮೊದಲ ಸಲ ಡಿಗ್ರಿ ಕಂಡ ಆ ಮನೆಯಲ್ಲಿ ಯಾರೂ ಇರಲಿಲ್ಲ. ಆ ಸೋಮವಾರ ಮಾಲೀಕ ಸುಧೀಂದ್ರ ಅವಳಿಂದಲೇ ಜಾಹೀರಾತು ಟೈಪ್ ಮಾಡಿಸಿದರು: ‘ಬಿಲ್ಲಿಂಗ್‌ಗೆ ಒಬ್ಬರು ಬೇಕಾಗಿದ್ದಾರೆ. ಅನುಭವ ಬೇಕಿಲ್ಲ. ಸಂಬಳ ಇಪ್ಪತ್ತೆರಡು ಸಾವಿರ.’

ಸುವರ್ಣಾಳ ಬೆರಳುಗಳು ನಿಂತವು. “ಸರ್, ಇದು ನಾ ಮಾಡೋ ಕೆಲಸಾನ ಅಲ್ರೀ? ನನಗ್ಯಾಕ ಹದಿನಾರು?”

“ಈಗ ಅಷ್ಟು ಕೊಡ್ದೆ ಯಾರೂ ಬರಲ್ಲಮ್ಮ. ನೀನೇನು ಹೊರಗಿನವಳಾ? ನಮ್ಮನೆ ಮಗಳಿದ್ದಂಗೆ.”

ಸಂಬಳದ ಮಾತೆತ್ತಿದಾಗಲೆಲ್ಲ ಈ ಉತ್ತರ ಕೇಳಿ ಅವಳು ಹಿಗ್ಗಿ ಸುಮ್ಮನಾಗಿದ್ದಳು. ಇವತ್ತು ಸುಮ್ಮನಾಗಲಿಲ್ಲ.

“ಮನಿ ಮಗಳಿಗೆ ಆಸ್ತಿಯೊಳಗ ಪಾಲು ಐತ್ರೀ ಸರ್. ನಾ ಪಾಲು ಕೇಳಾಕತ್ತಿಲ್ಲ, ಪಗಾರ ಕೇಳಾಕತ್ತೀನಿ.”

ಸುಧೀಂದ್ರರ ಮುಖ ಕೆಂಪಾಯಿತು. “ಆಯ್ತು ಬಿಡಮ್ಮ, ನಿಂಗೂ ಇಪ್ಪತ್ತೆರಡು ಮಾಡ್ತೀನಿ.”

“ಅದು ಅನುಭವ ಇಲ್ಲದವ್ರಿಗೆ ನೀವ ಬರೆಸಿದ್ದು. ನನಗ ಇಪ್ಪತ್ತಾರು ಬೇಕ್ರೀ. ಇಲ್ಲಾಂದ್ರ ಇದರಾಗ ‘ಇಬ್ಬರು ಬೇಕಾಗಿದ್ದಾರೆ’ ಅಂತ ತಿದ್ದಿಬಿಡ್ತೀನಿ.”

ಅವಳು ಕೀಲಿಮಣೆಯ ಮೇಲೆ ಬೆರಳಿಟ್ಟುಕೊಂಡು ಕಾದಳು.

“ತಿದ್ಬೇಡಮ್ಮ, ಒಬ್ರೇ ಇರ್ಲಿ,” ಎಂದರು ಸುಧೀಂದ್ರ.

ಸುವರ್ಣಾ ಹೊಸ ಪುಟ ತೆರೆದು, ತನ್ನ ಹೆಸರಿನ ಮುಂದೆ ಇಪ್ಪತ್ತಾರು ಸಾವಿರವೆಂದು ಟೈಪ್ ಮಾಡಿ, ಪ್ರಿಂಟು ತೆಗೆದು ಸಹಿಗೆ ಅವರ ಮುಂದಿಟ್ಟಳು.