ನಡುನೀರಿನಲ್ಲಿ ನಿಂತ ದೋಣಿ

ತರೀಕೆರೆಯ ಮುಕ್ತಿಯಾರ್ ಹರೆಯದಲ್ಲೇ ಮನೆ ಬಿಟ್ಟು ಮಂಗಳೂರಿಗೆ ಹೋಗಿ, ಹೆಂಚು ಸಾಗಿಸುವ ಹಾಯಿಹಡಗಿನಲ್ಲಿ ದುಡಿದವನು. ಇಂಜಿನ್ನುಗಳು ಬಂದು ಹಾಯಿಗೆ ಕೆಲಸವಿಲ್ಲದಂತಾದಾಗ, ಸಾವಿರದ ಒಂಬೈನೂರ ಎಪ್ಪತ್ತೆರಡರ ಸುಮಾರಿಗೆ, ಊರಿಗೆ ಮರಳಿದ. ಲಕ್ಕವಳ್ಳಿ ಅಣೆಕಟ್ಟಿನ ಹಿನ್ನೀರಿನಲ್ಲಿ ಸಣ್ಣದೊಂದು ಹಾಯಿದೋಣಿ ಇಳಿಸಿ ಜನರನ್ನು ದಾಟಿಸತೊಡಗಿದ. "ಸಾಬ್ರು ಕಾಡಿಗೆ ಹಡಗು ತಂದವ್ರೆ" ಎಂದು ನಕ್ಕವರೇ ಬಸ್ಸು ತಪ್ಪಿದ ದಿನ ಅವನನ್ನು ಕೂಗುತ್ತಿದ್ದರು.

ಒಂದು ಬೇಸಿಗೆಯ ಸಂಜೆ ಈಚೆ ದಡದ ಹಳ್ಳಿಯ ಗುರುಶಾಂತಮ್ಮ ಒಬ್ಬರೇ ಹತ್ತಿದ್ದರು. ಆಚೆ ದಡದಲ್ಲಿ ಹೊಸ ಸಂಸಾರ ಹೂಡಿದ್ದ ಮಗಳಿಗೆ ರಾಗಿ ಬೀಸುವ ಕಲ್ಲು ಒಯ್ಯುತ್ತಿದ್ದರು. ನಡುನೀರಿಗೆ ಬರುವಷ್ಟರಲ್ಲಿ ಗುಡ್ಡದ ಮೇಲೆ ಮೋಡ ಕಪ್ಪಿಟ್ಟು, ಗಾಳಿ ಒಮ್ಮೆಲೇ ನುಗ್ಗಿತು. ಮುಕ್ತಿಯಾರ್ ಹಾಯಿ ಇಳಿಸಿ ಲಂಗರು ಬಿಟ್ಟ.

"ದಡ ಅಲ್ಲೇ ಕಾಣ್ತೈತೆ, ಹುಟ್ಟು ಹಾಕೋ!" ಎಂದರು ಗುರುಶಾಂತಮ್ಮ.

"ದಡದುದ್ದಕ್ಕೂ ಮುಳುಗಿದ ಮರದ ಬೊಡ್ಡೆ ಅವೆ ಕಣವ್ವಾ. ಈ ಗಾಳೀಲಿ ಹೋದ್ರೆ ದೋಣಿ ಸೀಳ್ಬಿಡ್ತವೆ. ಇಲ್ಲೇ ಇರಾನ."

ಹೇಳಿದನೇ ಹೊರತು ಅವನಿಗೂ ಧೈರ್ಯವಿರಲಿಲ್ಲ. ಹಡಗಿನಲ್ಲಿ ಮುಖ್ಯಸ್ಥನಾದ ತಂಡೇಲ ಹೇಳಿದ್ದನ್ನು ಮಾಡಿ ಅಭ್ಯಾಸ. ತಾನೇ ತೀರ್ಮಾನಿಸಿ ಗೊತ್ತಿರಲಿಲ್ಲ. ಕೈ ಮತ್ತೆ ಮತ್ತೆ ಹುಟ್ಟಿನತ್ತ ಹೋಗುತ್ತಿತ್ತು. ಹುಟ್ಟು ಹಾಕಿದರೆ ಏನೋ ಮಾಡುತ್ತಿದ್ದೇನೆಂಬ ಸಮಾಧಾನವಾದರೂ ಇರುತ್ತದೆ; ಸುಮ್ಮನೆ ಕೂತಿರುವುದೇ ಕಷ್ಟ. ಲಂಗರಿನ ಹಗ್ಗವನ್ನು ಪೂರ್ತಿ ಬಿಟ್ಟ. ಆದರೂ ಅಲೆ ಅಲೆಗೂ ದೋಣಿಯ ಮೂತಿ ಎಗರಿ, ಲಂಗರು ಜಾರಿ, ಬೊಡ್ಡೆಗಳು ಹತ್ತಿರವಾಗುತ್ತಿದ್ದವು.

ಹಗ್ಗದ ನಡುವೆ ಭಾರ ಇಳಿಬಿಟ್ಟರೆ ಜಗ್ಗಾಟ ತಗ್ಗಿ ಲಂಗರು ಕಚ್ಚಿಕೊಳ್ಳುವುದನ್ನು ಅವನು ಕಡಲಲ್ಲಿ ಕಂಡಿದ್ದ.

"ಅವ್ವಾ, ಮೇಲಿನ ಕಲ್ಲು ಕೊಡ್ತೀರಾ?"

"ನಮ್ಮತ್ತೆ ಕೊಟ್ಟಿದ್ದು ಕಣಪ್ಪಾ ಅದು" ಎಂದರು ಗುರುಶಾಂತಮ್ಮ. ಎನ್ನುತ್ತಲೇ ಕಲ್ಲನ್ನು ಅವನತ್ತ ನೂಕಿದರು.

ಕಲ್ಲಿನ ನಡುವಿನ ತೂತಿಗೆ ಕುಣಿಕೆ ಹಾಕಿ, ಲಂಗರಿನ ಹಗ್ಗಕ್ಕೆ ಸಿಕ್ಕಿಸಿ, ನೀರಿಗೆ ಜಾರಿಸಿದ. ಕಲ್ಲು ತೀರಾ ಕೆಳಗೆ ಜಾರದಂತೆ ಅದಕ್ಕೆ ಕಟ್ಟಿದ್ದ ಇನ್ನೊಂದು ಹುರಿಯನ್ನು ಇಬ್ಬರೂ ಹಿಡಿದು ಕೂತರು. ಆಲಿಕಲ್ಲು ಬೆನ್ನಿಗೆ ಬಡಿಯಿತು. ಅವರು ಶಿವಶಿವಾ ಎನ್ನುತ್ತಿದ್ದರು. ಇವನಿಗೆ ಕಲಿತ ದುವಾ ಒಂದೂ ನೆನಪಿಗೆ ಬರಲಿಲ್ಲ. ದೋಣಿ ಮಾತ್ರ ನಿಂತಿತು.

ಮಳೆ ಬಿಟ್ಟ ಮೇಲೆ ಮೇಲೆಳೆಯುವಾಗ ಕುಣಿಕೆಯೂ ಹುರಿಯೂ ಕಡಿದು ಕಲ್ಲು ತಳ ಸೇರಿತು. ಮುಕ್ತಿಯಾರ್ ತಲೆ ತಗ್ಗಿಸಿದ.

"ಹೋಗ್ಲಿ ಬಿಡು, ಮಗಳ ಊರಾಗೆ ಮಿಲ್ಲು ಬಂದೈತೆ. ನಿಂಗೆ ಭಯ ಆಗ್ಲಿಲ್ವೇನೋ?"

"ಆಯ್ತವ್ವಾ, ಭಾಳ ಆಯ್ತು."

ದೋಣಿ ಹತ್ತಿದವರ ಮುಂದೆ ಅವನು ಹಾಗೆಂದದ್ದು ಅದೇ ಮೊದಲು. ಹೇಳಿದ ಮೇಲೆ ಎದೆ ಹಗುರಾಯಿತು. ಲಂಗರು ಎತ್ತಿ, ಒದ್ದೆ ಹಾಯಿಯನ್ನು ಏರಿಸಿ, ತಣ್ಣನೆಯ ಗಾಳಿಗೆ ದೋಣಿಯನ್ನು ಮೆಲ್ಲಗೆ ತಿರುಗಿಸಿದ.