ವಿಲಾಯತಿ ಕಾರಿಗೆ ಜೀಪಿನ ಗೇರು

ಗೆಳೆಯರೇ, ಇವತ್ತು ಹುಮನಾಬಾದಿನ ಗ್ಯಾರೇಜಿನಲ್ಲಿ ನಡೆದದ್ದನ್ನು ಕೇಳಿ. ನಮ್ಮ ಮಾವ ಹೈದರಾಬಾದಿನಿಂದ ತಂದಿದ್ದ ವಿಲಾಯತಿ ಕಾರಿನಲ್ಲಿ ಗೇರು ತಾನಾಗಿಯೇ ಬದಲಾಗುತ್ತಿತ್ತು, ಕ್ಲಚ್ಚೇ ಇರಲಿಲ್ಲ. ಆ ಗೇರ್‌ಬಾಕ್ಸ್ ಕೆಟ್ಟಿತು. ಬಿಡಿಭಾಗ ಎಲ್ಲಿಯೂ ಸಿಗಲಿಲ್ಲ. ಎರಡು ತಿಂಗಳಿಂದ ನಾನು ಕೊಹಿನೂರು ಹಳ್ಳಿಗೆ ಹೆರಿಗೆ ಮಾಡಿಸಲು ಹೋಗಬೇಕಾದರೂ ಬಸ್ಸಿಗೆ ಕಾಯುತ್ತಿದ್ದೆ.

ಕೊನೆಗೆ ಉಸ್ತಾದ್ ರಹೀಂಸಾಬರು ಹಳೆಯ ಜೀಪಿನ ಗೇರ್‌ಬಾಕ್ಸ್ ಕೂಡಿಸಿ, ಹೊಸದಾಗಿ ಕ್ಲಚ್ ಹಾಕಿದರು. ಆದರೆ ಕೀಲಿಯನ್ನು ಕೊಟ್ಟದ್ದು ನನ್ನ ಜೊತೆ ಬಂದಿದ್ದ ಮೈದುನನ ಕೈಗೆ.

“ಡಾಕ್ಟರಬಾಯಿ, ನೀವು ಹಿಂದ ಕೂಡ್ರಿ. ಕ್ಲಚ್ ಹೆಣ್ಮಕ್ಕಳಿಗೆ ಆಗಂಗಿಲ್ರಿ,” ಎಂದರು ಉಸ್ತಾದರು.

“ಯಾಕ ಆಗಂಗಿಲ್ರಿ? ತವರುಮನ್ಯಾಗ ಟ್ರ್ಯಾಕ್ಟರ್ ಹೊಡದೀನಿ,” ಎಂದೆ.

ಮೈದುನ ನಕ್ಕು ಗಾಡಿ ಹೊರಡಿಸಿದ. ರಸ್ತೆಯ ಮೊದಲ ಏರಿನಲ್ಲೇ ಗಾಡಿ ಮೂರು ಸಲ ಬಂದ್ ಬಿತ್ತು. ಹಿಂದಿನಿಂದ ಬಸ್ಸಿನವನು ಹಾರ್ನ್ ಹೊಡೆಯತೊಡಗಿದ. ನಾನು ಇಳಿದು ಹೋಗಿ ಮುಂದಿನ ಬಾಗಿಲು ತೆಗೆದೆ.

“ಅತ್ತಾಗ ಸರಿಯಪ್ಪಾ.”

ಮೊದಲನೇ ಗೇರು ಹಾಕಿ ಕ್ಲಚ್ ನಿಧಾನವಾಗಿ ಬಿಟ್ಟೆ. ಗಾಡಿ ಒಂದಿಷ್ಟೂ ಜಗ್ಗದೆ ಏರು ಹತ್ತಿತು. ಗ್ಯಾರೇಜಿನಿಂದ ಓಡಿ ಬಂದಿದ್ದ ಉಸ್ತಾದರು ರಸ್ತೆಯಲ್ಲೇ ನಿಂತು ಕೂಗಿದರು: “ಶಾಬಾಶ್ ಬಾಯಿ! ನಂದ ತಪ್ಪಾತ್ರಿ!”

ನಮ್ಮೂರು ಬಸವಕಲ್ಯಾಣ ಬರುವವರೆಗೂ ಮೈದುನನದು ಒಂದೇ ಮಾತು: “ವೈನಿ, ಗೇರ್‌ಬಾಕ್ಸ್ ಬರಾಬರ್ ಕುಂತಿಲ್ಲ ನೋಡ್ರಿ.”

ನಾನು ಹೂಂ ಅನ್ನುತ್ತ, ಗೇರು ಬದಲಿಸುತ್ತ ಮನೆಗೆ ಬಂದೆ.